ಯಾರ ಹಾಡಿನ ಚೂರಿ ಹರಿತ?

ಹಾಲ್ ಬಾಡಿಗೆಗೆ ಕೊಡುವ ಕಡೆ ಕೆಲಸ ಮಾಡಿದರೆ ನಗುವಿಗೆ ಬರವಿಲ್ಲ. ಲಂಡನ್ನಿನ ರೇನರ್ಸ್ ಲೇನ್ ಹತ್ತಿರದ ನಮ್ಮ ಹಾಲ್‌ನ ರಿಸೆಪ್ಷನ್‌ನಲ್ಲಿ ನಾನು ಕೂತಿರುತ್ತೇನೆ; ಪ್ರಸಂಗಗಳು ತಾವೇ ಒಳಗೆ ಬರುತ್ತವೆ.

ಕಾವಲು ಕಿವಿ

ಶುಕ್ರವಾರ ಸಂಜೆ ಕಪ್ಪು ಹುಡುಗ ಹುಡುಗಿಯರ ರ‍್ಯಾಪ್ ತಂಡವೊಂದು ಅಭ್ಯಾಸಕ್ಕೆ ಬರತೊಡಗಿತು. ನಮ್ಮ ಮ್ಯಾನೇಜರಮ್ಮ ಇಂಗ್ಲಿಷ್ ಹೆಂಗಸು, ಕೆಟ್ಟವರೇನಲ್ಲ. "ಇವರ ಹಾಡಿನಲ್ಲಿ ಚೂರಿ, ರಕ್ತ ಎಲ್ಲ ಇರುತ್ತಂತೆ. ನೀವು ಒಳಗೆ ಕೂತು ಕೇಳಿ. ಅಂಥದ್ದು ಬಂದರೆ ಬುಕಿಂಗ್ ರದ್ದು" ಎಂದರು.

ಕೂತೆ. ಚೂರಿ ಬಂದೇ ಬಂತು. ತಂಡದ ಮುಂದಾಳು ನರ್ಸಿಂಗ್ ಓದುವ ಹುಡುಗಿ. ಅವಳನ್ನೇ ಕೇಳಿದೆ.

"ಅದು ನಮ್ಮಮ್ಮನ ಚೂರಿ ಆಂಟಿ. ಈರುಳ್ಳಿ ಹೆಚ್ತಾ ಹೆಚ್ತಾ ನನ್ನನ್ನ ಬೈತಾಳೆ, ಅದೇ ಹಾಡು."

ಮ್ಯಾನೇಜರಮ್ಮನಿಗೆ ವರದಿ ಒಪ್ಪಿಸಿದೆ: "ಗಾಯಗೊಂಡದ್ದು ಈರುಳ್ಳಿ ಮಾತ್ರ." ಅವರಿಗೆ ಸಮಾಧಾನವಾಗಲಿಲ್ಲ.

ವೀರರಸ

ಮನೆಯಲ್ಲಿ ಹೇಳಿದರೆ, ಧಾರವಾಡದ ನನ್ನ ಯಜಮಾನರು, "ಅವರ ಹಾಡಂದ್ರ ಬರೇ ಹೊಡಿ-ಬಡಿ. ಇಂಥಾವ್ರಿಗೆ ಹಾಲ್ ಯಾಕ ಕೊಡ್ತೀರಿ?" ಎಂದರು.

ಅದೇ ಭಾನುವಾರ ಕನ್ನಡ ಬಳಗದ ಊಟದಲ್ಲಿ ಮೈಕ್ ಹಿಡಿದು, ವೈರಿಗಳ ರುಂಡ ಚೆಂಡಾಡುವ ಲಾವಣಿ ಹಾಡಿದರು. ಚಪ್ಪಾಳೆಯೋ ಚಪ್ಪಾಳೆ. ಮಗಳು ಇಂಗ್ಲಿಷಿನಲ್ಲಿ, "ಅಪ್ಪಾ, ಇದೂ ಹೊಡಿ-ಬಡಿ ಅಲ್ವಾ?" ಎಂದಳು.

"ಇದು ವೀರರಸ ಅದವಾ."

"ಅವರದೂ ವೀರರಸಾನೇ. ಬೀಟ್ ಸ್ವಲ್ಪ ಜೋರು."

ಯಜಮಾನರು ಪಾಯಸ ಬಡಿಸಿಕೊಳ್ಳಲು ಎದ್ದುಹೋದರು.

ಸಂಪ್ರದಾಯ

ಮರು ಶುಕ್ರವಾರ ದೊಡ್ಡ ಕೋಣೆಯ ಹೀಟರ್ ಕೆಟ್ಟಿತು. ಅಲ್ಲಿ ಹಳೆಯ ಇಂಗ್ಲಿಷ್ ಜನಪದ ಗೀತೆಗಳ ಕೂಟ ಸೇರುತ್ತಿತ್ತು. ಎಲ್ಲರೂ ಬಿಳಿಯರು, ನಿವೃತ್ತರು. ಅವರನ್ನು ರ‍್ಯಾಪ್ ತಂಡದ ಕೋಣೆಗೆ ಕಳಿಸಿ, ಹುಡುಗರನ್ನು ಅಡುಗೆಮನೆ ಪಕ್ಕಕ್ಕೆ ಕಳಿಸಿದೆ. ಮ್ಯಾನೇಜರಮ್ಮನಿಗೆ ಇದು ಗೊತ್ತಿರಲಿಲ್ಲ.

ನಾವಿಬ್ಬರೂ ಆ ಕೋಣೆಯ ಮುಂದೆ ಹಾದುಹೋಗುವಾಗ ಮುಚ್ಚಿದ ಬಾಗಿಲಾಚೆ ಗಂಡಸಿನ ದನಿಯೊಂದು ಸಾಲು ಸಾಲಾಗಿ ಹೇಳಿಕೊಡುತ್ತಿತ್ತು: ನಲ್ಲೆಯ ಎದೆಗೆ ಚೂರಿ ಹಾಕಿದೆ, ಹೊಳೆಗೆ ನೂಕಿದೆ.

"ಕೇಳಿದಿರಾ? ಇವರ ಬುಕಿಂಗ್ ಇವತ್ತೇ ರದ್ದು" ಎನ್ನುತ್ತ ಮ್ಯಾನೇಜರಮ್ಮ ಬಾಗಿಲು ತೆಗೆದರು.

ಒಳಗೆ ಸ್ವೆಟರ್ ಹಾಕಿದ ಅಜ್ಜ-ಅಜ್ಜಿಯರು. ಹೇಳಿಕೊಡುತ್ತಿದ್ದವರು ಸ್ವತಃ ಮ್ಯಾನೇಜರಮ್ಮನ ಮಾವ. "ಬಾಮ್ಮ, ಪಲ್ಲವಿಗೆ ಸೇರಿಕೋ" ಎಂದರು.

ಮ್ಯಾನೇಜರಮ್ಮ ಮೆಲ್ಲಗೆ ಬಾಗಿಲು ಹಾಕಿ, "ಇದು ಸಂಪ್ರದಾಯ" ಎಂದರು. ನಾಲ್ಕು ಹೆಜ್ಜೆ ನಡೆದು ತಿರುಗಿ, "ಇನ್ನು ಹುಡುಗರ ಜೊತೆ ನೀವು ಕೂರೋದು ಬೇಡ" ಎಂದು ತಮ್ಮ ಆಫೀಸಿನೊಳಗೆ ಹೋದರು.

ಕುರ್ಚಿ ಕೇಳಲು ಬಂದು ಅಲ್ಲೇ ನಿಂತಿದ್ದ ನರ್ಸಿಂಗ್ ಹುಡುಗಿಯ ಮುಖ ಸಪ್ಪಗಾಗಿತ್ತು. "ಆಂಟಿ, ಆ ನಲ್ಲೆ ಬದುಕಿದಳಾ?"

"ಎಲ್ಲಿ ಬದುಕ್ತಾಳಮ್ಮಾ, ಪ್ರತಿ ಶುಕ್ರವಾರ ಸಾಯ್ತಾಳೆ. ಆಮೇಲೆ ಇವರು ಟೀ ಕುಡೀತಾರೆ."