ನಾಲ್ಕು ರಾಡು, ನಾಲ್ಕು ಟೋಪಿ

“ನೋಡು, ಇದು ಕನೆಕ್ಟಿಂಗ್ ರಾಡು. ಮೇಲೆ ಪಿಸ್ಟನ್ನು ಕುಣಿಯುತ್ತೆ, ಕೆಳಗೆ ಕ್ರ್ಯಾಂಕು ತಿರುಗುತ್ತೆ. ಕುಣಿಯೋನಿಗೂ ತಿರುಗೋನಿಗೂ ಏನು ಸಂಬಂಧ? ಇದೇ! ಇಬ್ಬರ ಕೈನೂ ಹಿಡ್ಕೊಂಡು ನಡುವೆ ನಿಂತಿರುತ್ತೆ, ಪಾಪ. ಒಬ್ಬ ಎಳೀತಾನೆ, ಒಬ್ಬ ತಳ್ತಾನೆ. ನಿಮಿಷಕ್ಕೆ ಮೂರು ಸಾವಿರ ಸಲ! ಇದರ ದೊಡ್ಡ ಬಾಯಿ ಎರಡು ಹೋಳು. ಕೆಳಗಿನ ಅರ್ಧಕ್ಕೆ ಕ್ಯಾಪು ಅಂತಾರೆ, ಟೋಪಿ. ರಾಡಿಗೆ ಟೋಪಿ ಕೂಡಿಸಿ, ಬೋಲ್ಟು ಬಿಗಿದು, ಆಮೇಲೇ ತೂತು ಕೊರೆದಿರ್ತಾರೆ. ಅದಕ್ಕೇ ಒಂದನೇ ರಾಡಿನ ಟೋಪಿ ಒಂದನೇದಕ್ಕೇ ಹೋಗಬೇಕು. ಎರಡನೇದಕ್ಕೆ ಹಾಕಿದ್ಯೋ, ಕಣ್ಣಿಗೇನೋ ಸರಿ ಕೂತ ಹಾಗೆ ಕಾಣುತ್ತೆ, ಆದರೆ ತೂತು ಗುಂಡಗಿರಲ್ಲ. ಕೂದಲೆಳೆಯಷ್ಟು ಸೊಟ್ಟ. ಅಷ್ಟು ಸಾಕು, ಇಂಜಿನ್ನು ಕಚ್ಕೊಂಡು ನಿಂತುಬಿಡುತ್ತೆ. ಗೊತ್ತಾಯ್ತಾ?”

ಇದು ನಮ್ಮ ಯಜಮಾನರ ಮಾತು. ಮದುವೆಯಾಗಿ ನಲವತ್ತೊಂದು ವರ್ಷಗಳಲ್ಲಿ ಅವರು ನನ್ನೊಡನೆ ಒಂದೇ ಉಸಿರಿಗೆ ಆಡಿದ ಅತಿ ಉದ್ದದ ಮಾತು! ಅದಕ್ಕೇ ಒಂದಕ್ಷರ ಬಿಡದೆ ನೆನಪಿದೆ.

ಯಜಮಾನರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ನಿವೃತ್ತಿಯಾದ ಮೇಲೆ ಮನೆಯ ಪಕ್ಕದ ಷೆಡ್ಡಿನಲ್ಲಿ ಒಂದು ಹಳೆಯ ಕಾರನ್ನು ಸಾಕಿಕೊಂಡಿದ್ದಾರೆ. ಮನೆಯೊಳಗೆ ಅವರ ಬಳಿ ಇರುವುದು ಮೂರೇ ಮಾತು: ‘ಹೂಂ’, ‘ಊಹೂಂ’, ‘ಎಲ್ಲಿ?’. ಮೂರನೆಯದು ಕನ್ನಡಕ ಕಳೆದಾಗ ಮಾತ್ರ. ಉಳಿದ ಮಾತೆಲ್ಲ ಷೆಡ್ಡಿಗೆ ಮೀಸಲು. ಅಲ್ಲಿ ಹಿಂದಿನ ಬೀದಿಯ ಅವರ ಗೆಳೆಯ ಸ್ಟೂಲಿನ ಮೇಲೆ ಕೂತು ಟಾರ್ಚ್ ಹಿಡಿಯುತ್ತಿದ್ದರು. ನಾನು ಅವರನ್ನು ಟಾರ್ಚಣ್ಣ ಎನ್ನುತ್ತಿದ್ದೆ. ಇಬ್ಬರೂ ಇಡೀ ದಿನ ಹರಟುವರು, ನಗುವರು. ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತು ಕೇಳಿಸಿಕೊಳ್ಳುವೆ. ಶಾಲೆಯಲ್ಲಿ ಕಲಿತದ್ದು ನಾಲ್ಕನೆಯ ತರಗತಿ; ಮಿಕ್ಕಿದ್ದೆಲ್ಲ ಆ ಕಿಟಕಿಯಲ್ಲಿ.

ಕಳೆದ ವರ್ಷ ಟಾರ್ಚಣ್ಣ ತೀರಿಕೊಂಡರು. ಷೆಡ್ಡಿನಲ್ಲಿ ಸ್ಟೂಲು ಉಳಿಯಿತು. ಅದರ ಮೇಲೆ ಯಜಮಾನರು ಒಂದು ಸ್ಪ್ಯಾನರನ್ನೂ ಇಡಲಿಲ್ಲ. ನನ್ನ ಕಿಟಕಿಗೂ ಕೆಲಸ ಹೋಯಿತು. ಮನೆಯಲ್ಲಿ ಗಡಿಯಾರ ಮಾತ್ರ ಮಾತಾಡುತ್ತಿತ್ತು. ಅದು ಹೇಳುವುದೂ ಒಂದೇ ಸಂಗತಿ.

ಹೀಗಿರುವಾಗ ಒಂದು ಬೆಳಿಗ್ಗೆ ಕಾರು ಸ್ಟಾರ್ಟ್ ಆದಾಗ, ಹೊಟ್ಟೆಯೊಳಗಿಂದ ಯಾರೋ ಬಾಗಿಲು ಬಡಿದಂತೆ ‘ಟಕ್ ಟಕ್’ ಕೇಳಿಸಿತು. ಯಜಮಾನರಿಗೆ ಈಗೀಗ ಕಿವಿ ಮಂದ. ನಾನು ಸೆರಗಿಗೆ ಕೈ ಒರೆಸಿಕೊಂಡು ಷೆಡ್ಡಿಗೆ ಹೋದೆ.

“ರೀ, ಒಳಗೆ ಏನೋ ಬಡೀತಿದೆ.”

“ಊಹೂಂ.”

“ಊಹೂಂ ಅಲ್ಲ, ಹೂಂ! ಮುಂದಿನಿಂದ ಎಣಿಸಿದರೆ ಮೂರನೇದು.”

ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಡಾಕ್ಟರಂತೆ ಪರೀಕ್ಷಿಸಿದರು. ಮುಖ ಬದಲಾಯಿತು. ಮೂರನೆಯದೇ! ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಕೇಳಿದರು: “ಟಾರ್ಚ್ ಹಿಡೀತೀಯಾ?”

ಚಕ್ರವರ್ತಿ ಅರ್ಧ ರಾಜ್ಯ ಕೊಟ್ಟಿದ್ದರೂ ನಾನು ಅಷ್ಟು ಹಿಗ್ಗುತ್ತಿರಲಿಲ್ಲ! ಅಂದೇ ಶಪಥ ಮಾಡಿದೆ: ಟಾರ್ಚಣ್ಣನಿಗಿಂತ ನಾನೇ ಮೇಲು ಅನ್ನಿಸಿಕೊಳ್ಳದಿದ್ದರೆ ನನ್ನ ಹೆಸರು ಬದಲಾಯಿಸಿಕೊಳ್ಳುತ್ತೇನೆ!

ಎರಡು ದಿನದಲ್ಲಿ ಇಂಜಿನ್ನು ಬಿಚ್ಚಿದರು. ಆ ಉದ್ದದ ಮಾತು ಹುಟ್ಟಿದ್ದು ಆಗಲೇ. ನಾಲ್ಕು ರಾಡುಗಳನ್ನೂ ಅವುಗಳ ಟೋಪಿಗಳನ್ನೂ ಸಾಲಾಗಿ ಕಾಗದದ ಮೇಲೆ ಮಲಗಿಸಿದರು. ಮೂರನೆಯದು ಸವೆದು ಸೊಟ್ಟಗಾಗಿತ್ತು. ಅದಕ್ಕೆ ಬದಲಿ ತರಲು ಲೇತ್ ಅಂಗಡಿಗೆ ಹೊರಟರು.

“ನೋಡ್ಕೊಂಡಿರು,” ಎಂದರು.

ಸ್ವಾಮಿ, ಒಬ್ಬ ಗೃಹಿಣಿಗೆ ಎಣ್ಣೆಜಿಡ್ಡು ಮೆತ್ತಿದ ಎಂಟು ಸಾಮಾನು ಒಪ್ಪಿಸಿ ‘ನೋಡ್ಕೊಂಡಿರು’ ಎಂದರೆ ಏನರ್ಥ? ಕೈಕಟ್ಟಿ ನೋಡುತ್ತಾ ಕೂರುವುದೇ? ಬಕೆಟ್ಟಿನಲ್ಲಿ ಬಿಸಿನೀರು, ಸೋಪಿನ ಪುಡಿ, ಸ್ಟೀಲ್ ನಾರು! ಎಂಥ ಕರಿ ಅಂತೀರಿ! ತಳ ಹಿಡಿದ ಪಾತ್ರೆಯೂ ಅದರ ಮುಂದೆ ನಾಚಬೇಕು. ಒಂದು ಗಂಟೆ ಉಜ್ಜಿದೆ. ಬೆಳ್ಳಿಯಂತೆ ಹೊಳೆದವು. ಉಜ್ಜಿದ ರಭಸಕ್ಕೆ ಮಾತ್ರ ಪಕ್ಕದಲ್ಲಿ ಗೀರು ಬಿದ್ದಿದ್ದವು: ಒಂದರ ಮೇಲೆ ಒಂದು ಗೀರು, ಇನ್ನೊಂದರ ಮೇಲೆ ಅಕ್ಕಪಕ್ಕ ಎರಡು. ಯಜಮಾನರು ನೋಡಿದರೆ ಗತಿಯೇನು? ಆ ಮಗ್ಗುಲನ್ನು ಕೆಳಗೆ ಮಾಡಿ, ರಾಡುಗಳನ್ನು ಸೌಟಿನ ಸ್ಟ್ಯಾಂಡಿನಲ್ಲೂ ಟೋಪಿಗಳನ್ನು ಲೋಟದ ತಟ್ಟೆಯಲ್ಲೂ ಬೋರಲು ಹಾಕಿ ಬಿಸಿಲಿಗಿಟ್ಟೆ.

ಯಜಮಾನರು ಬಂದರು. ಖಾಲಿ ಕಾಗದ ನೋಡಿದರು.

“ಎಲ್ಲಿ?”

ಕನ್ನಡಕ ಮೂಗಿನ ಮೇಲೇ ಇತ್ತು. ಸ್ಟ್ಯಾಂಡ್ ತೋರಿಸಿದೆ.

“ತೊಳೆದ್ಯಾ?”

“ಹೂಂ. ಮುಖ ಕಾಣ್ಬೇಕು ಹಾಗೆ!”

“ಯಾವ ಟೋಪಿ ಯಾವುದರದು?”

ಆಗ ನೆನಪಾಯಿತು, ಇಂಜಿನ್ನು ಕಚ್ಚಿಕೊಂಡು ನಿಲ್ಲುವ ಕಥೆ. ಆದರೂ ಜಂಬ ಬಿಡಲಿಲ್ಲ. “ನಲವತ್ತೊಂದು ವರ್ಷ ಪಾತ್ರೆ ತೊಳೆದಿದ್ದೀನಿ, ಒಂದು ಮುಚ್ಚಳ ಅದಲುಬದಲಾಗಿಲ್ಲ! ಕಣ್ಣಳತೇಲೇ ಹೇಳ್ತೀನಿ.”

“ಹೇಳು.”

ನೋಡಿದೆ. ನಾಲ್ಕೂ ಟೋಪಿಗಳು ಒಂದೇ ಹೆರಿಗೆಯ ಮಕ್ಕಳಂತೆ ನನ್ನನ್ನೇ ನೋಡಿದವು.

ಬೈಯಲಿಲ್ಲ. ಬೈದಿದ್ದರೆ ಒಂದು ಮಾತಾದರೂ ಆಗುತ್ತಿತ್ತು. ರಾಡೊಂದನ್ನು ಎತ್ತಿಕೊಂಡರು, ತಿರುಗಿಸಿದರು, ಬಹಳ ಹೊತ್ತು ನೋಡಿದರು. ನನ್ನ ಟಾರ್ಚಿನ ನೌಕರಿ ಹೋಯಿತು, ಕಿಟಕಿಗೆ ವಾಪಸ್ ವರ್ಗವಾಯಿತು ಎಂದೇ ತಿಳಿದೆ. ಅವರೋ ಟಾರ್ಚಣ್ಣನ ಸ್ಟೂಲನ್ನು ಕಾಲಿನಿಂದ ನನ್ನ ಕಡೆ ತಳ್ಳಿದರು.

“ನಾಲ್ಕು ರಾಡಿಗೆ ನಾಲ್ಕು ಟೋಪಿ. ಹದಿನಾರು ಸಲ ಕೂಡಿಸಿ, ಬಿಗಿದು, ಅಳೆದು ನೋಡಬೇಕು. ದಿನಕ್ಕೆ ಎರಡು. ಆತುರ ಪಟ್ರೆ ಕೆಟ್ಟುಹೋಗುತ್ತೆ. ಕೂತ್ಕೋ.”

ಕೂತೆ. ಬೆಳಿಗ್ಗೆ ಟೀ ಆದ ಮೇಲೆ ಒಂದು, ಮಧ್ಯಾಹ್ನ ಊಟವಾದ ಮೇಲೆ ಒಂದು. ಬಿಗಿಯಲು ಹತ್ತು ನಿಮಿಷ, ಅಳೆಯಲು ಹತ್ತು ನಿಮಿಷ, ಉಳಿದ ಹೊತ್ತೆಲ್ಲ ಮಾತು! ಡಿಪೋದ ಮಾತು, ಟಾರ್ಚಣ್ಣ ಬ್ರೇಕಿನ ಎಣ್ಣೆಯನ್ನು ತಲೆಗೆ ಹಚ್ಚಿಕೊಂಡ ಮಾತು. ಮೊದಲ ದಿನವೇ ಒಂದು ಜೋಡಿ ಸರಿಹೋಯಿತು.

“ಸಿಕ್ತಲ್ಲ, ಇದನ್ನ ಪಕ್ಕಕ್ಕಿಡೋಣವಾ?” ಎಂದೆ.

“ಮಿಕ್ಕ ಮೂರಕ್ಕೂ ಹಾಕಿ ನೋಡದೆ? ಖಾತ್ರಿಯಾಗಬೇಕಲ್ಲ!”

ನನಗೇನಂತೆ? ಖಾತ್ರಿಯಾಗಲಿ! ಗೀರು ಬಿದ್ದ ಮಗ್ಗುಲು ಮಾತ್ರ ಅವರ ಕಣ್ಣಿಗೆ ಬೀಳದಂತೆ ಪ್ರತಿ ಸಲ ನಾಜೂಕಾಗಿ ತಿರುಗಿಸಿ ಕೊಡುತ್ತಿದ್ದೆ. ಅವರೂ ಹಾಗೆಯೇ ಇಸಿದುಕೊಳ್ಳುತ್ತಿದ್ದರು.

ಐದನೆಯ ದಿನ ಕೇಳಿದರು, “ಚಿಕ್ಕೋಳಿದ್ದಾಗ ಏನಾಗಬೇಕು ಅಂತಿದ್ದೆ ನೀನು?”

ಯಾರೂ ಕೇಳಿರದ ಪ್ರಶ್ನೆ! “ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಕೂರಬೇಕು ಅಂತಿದ್ದೆ. ಎಲ್ಲರ ಮಾತೂ ಕೇಳಬಹುದಲ್ಲ.”

“ಕೇಳೋಕಾ? ಆಡೋಕಲ್ವಾ?”

“ಆಡೋಕೆ ನನ್ನ ಹತ್ರ ಯಾರಿದ್ದರು?” ಎಂದುಬಿಟ್ಟೆ. ಅವರು ಬೋಲ್ಟನ್ನು ಇನ್ನೊಂದು ಸುತ್ತು ಬಿಗಿದರು. ಆಗಲೇ ಬಿಗಿಯಾಗಿದ್ದ ಬೋಲ್ಟು.

ಎಂಟನೆಯ ದಿನ ಹದಿನಾರೂ ಮುಗಿದವು. ಇದ್ದ ಮೂರಕ್ಕೆ ಅವವೇ ಟೋಪಿಗಳು, ಮೂರನೆಯದರ ಜಾಗಕ್ಕೆ ತನ್ನ ಟೋಪಿಯ ಸಮೇತ ಹೊಸ ರಾಡು. ಅದರ ತೂಕ ಉಳಿದವಕ್ಕೆ ಸರಿಯಾಗಿರಬೇಕೆಂದು ನನ್ನ ಅಡುಗೆಮನೆಯ ತಕ್ಕಡಿಯನ್ನೇ ಎರವಲು ಪಡೆದರು! ಇಂಜಿನ್ನು ಸೇರಿತು, ಸ್ಟಾರ್ಟ್ ಆಯಿತು. ಕಿವಿಗೊಟ್ಟೆ. ಟಕ್ ಇಲ್ಲ, ಟಿಕ್ ಇಲ್ಲ. ಎಷ್ಟು ಚೆನ್ನಾಗಿ ರಿಪೇರಿಯಾಗಿತ್ತೆಂದರೆ, ಮಾತಾಡಲು ಏನೂ ಉಳಿದಿರಲಿಲ್ಲ.

ಮತ್ತೆ ‘ಹೂಂ’. ಮತ್ತೆ ‘ಊಹೂಂ’. ಕಾರಿಗೆ ಹೊದಿಕೆ ಬಿತ್ತು. ನಾನು ದಿನವೂ ಕಿಟಕಿಯಲ್ಲಿ ನಿಂತು ಆ ಇಂಜಿನ್ನು ಕೆಡಲಿ ಎಂದು ಹಾರೈಸಿದೆ. ಕೇಳಿದವರು ಏನೆಂದುಕೊಂಡಾರು!

ಹತ್ತು ದಿನ ಕಳೆದ ಮೇಲೆ ಲೇತ್ ಅಂಗಡಿಯವರು ಈ ಕಡೆ ಬಂದಿದ್ದವರು, ಹೊಸ ರಾಡು ಹೇಗಿದೆಯೆಂದು ವಿಚಾರಿಸಲು ಮನೆಗೇ ಬಂದರು. ಯಜಮಾನರು ಷೆಡ್ಡಿನಲ್ಲಿದ್ದರು. ಅಡುಗೆಮನೆಯ ಬಾಗಿಲು ಹಾಕಿಕೊಳ್ಳದಂತೆ ನಾನು ಅಡ್ಡಲಾಗಿಟ್ಟಿದ್ದ ಹಳೆಯ ಮೂರನೆಯ ರಾಡನ್ನು ಬಂದವರು ಎತ್ತಿಕೊಂಡರು. ಪಕ್ಕದಲ್ಲಿ ಮೂರು ಗೀರು!

“ಯಜಮಾನರಿಗೆ ಹೇಳಬೇಡಿ,” ಎಂದೆ ಮೆಲ್ಲಗೆ. “ಉಜ್ಜುವಾಗ ನನ್ನ ಕೈಯಿಂದಲೇ ಗೀರಿಹೋಯ್ತು.”

ಅವರು ಗೊಳ್ಳೆಂದು ನಕ್ಕರು. “ನಿಮ್ಮ ನಾರಿಗೆ ಉಕ್ಕು ಗೀರೋ ಶಕ್ತಿ ಇದ್ದಿದ್ರೆ ನಾನು ಲೇತ್ ಮುಚ್ಚಿ ನಿಮ್ಮ ಹತ್ರ ಕೆಲಸಕ್ಕೆ ಬರ್ತಿದ್ದೆ, ಅಮ್ಮ! ಇದು ಅರದಲ್ಲಿ ಕೊರೆದ ಗುರುತು. ಮೂರನೇ ರಾಡಿಗೆ ಮೂರು ಗೆರೆ, ಅದರ ಟೋಪಿಗೂ ಮೂರು. ಗುರುತು ಮಾಡದೆ ನಿಮ್ಮ ಯಜಮಾನರು ಒಂದು ಇಂಜಿನ್ನೂ ಬಿಚ್ಚಿಲ್ಲ. ಗೆರೆ ನೋಡಿದರೆ ಸಾಕು, ಜೋಡಿಸೋಕೆ ಎರಡು ನಿಮಿಷ.”

ಎರಡು ನಿಮಿಷ! ನನ್ನ ಎಂಟು ದಿನ! ಇಡೀ ಓಣಿಯ ಪಿಸುಮಾತು ಕೇಳಿಸಿಕೊಳ್ಳುವ ಈ ಕಿವಿಗೆ, ಎದುರಿಗೇ ಕೂತು ಟೋಪಿ ಹಾಕುತ್ತಿದ್ದ ಮನುಷ್ಯ ಕೇಳಿಸಲಿಲ್ಲವಲ್ಲ!

ಅವರು ಹೋದ ಮೇಲೆ ರಾಡನ್ನು ಇದ್ದಲ್ಲೇ ಇಟ್ಟೆ, ಗೆರೆಯ ಮಗ್ಗುಲು ಕೆಳಗೆ ಮಾಡಿ.

ಮಧ್ಯಾಹ್ನ ಊಟವಾಯಿತು. ಪಾತ್ರೆ ತೊಳೆಯಲು ನಿಂತೆ. ಯಜಮಾನರು ನೀರು ಕುಡಿಯಲು ಒಳಗೆ ಬಂದರು. ನಾನು ತೊಳೆದ ನಾಲ್ಕು ಪಾತ್ರೆಗಳನ್ನೂ ನಾಲ್ಕು ಮುಚ್ಚಳಗಳನ್ನೂ ಕಟ್ಟೆಯ ಮೇಲೆ ಬೇರೆ ಬೇರೆ ಹರಡಿದೆ.

“ರೀ, ಯಾವ ಮುಚ್ಚಳ ಯಾವುದರದು ಅಂತ ಮರೆತೇಹೋಯ್ತು.”

ಮುಚ್ಚಳಗಳನ್ನು ನೋಡಿದರು. ಒಂದು ತಟ್ಟೆಯಷ್ಟಿತ್ತು, ಒಂದು ಅಂಗೈಯಷ್ಟು. ನನ್ನನ್ನು ನೋಡಿದರು. ಬಾಗಿಲ ಬಳಿಯ ರಾಡನ್ನು ನೋಡಿದರು. ಹೊರಗೆ ಹೋದರು.

ಸರಿ, ಮುಗಿಯಿತು ಎಂದುಕೊಂಡೆ.

ವಾಪಸ್ ಬಂದರು. ಕೈಯಲ್ಲಿ ಸ್ಟೂಲಿತ್ತು. ಕಟ್ಟೆಯ ಪಕ್ಕ ಹಾಕಿಕೊಂಡು ಕೂತು, ಅತಿ ದೊಡ್ಡ ಮುಚ್ಚಳವನ್ನು ಅತಿ ಚಿಕ್ಕ ಪಾತ್ರೆಯ ಮೇಲಿಟ್ಟು, ತಲೆ ಓರೆ ಮಾಡಿ ಪರೀಕ್ಷಿಸಿದರು.

“ಇದಲ್ಲ ಅನ್ಸುತ್ತೆ,” ಎಂದರು. “ದಿನಕ್ಕೆ ಎರಡೇ.”

ನಾನು ನಲ್ಲಿ ತಿರುಗಿಸಿ, ಮಿಕ್ಕ ಲೋಟಗಳನ್ನು ಒಂದೊಂದಾಗಿ ತೊಳೆಯತೊಡಗಿದೆ.