ಟವೆಲ್ಲಿನಡಿಯ ಪ್ಲೇಯರು ವ್ಯಾಪಾರ

ನಮ್ಮ ಸೋದರಮಾವನನ್ನು ಯಾವ ದನದ ಸಂತೆಗೆ ಬೇಕಾದರೂ ಕಳಿಸಿ, ಗೆದ್ದು ಬರುತ್ತಾರೆ. ಆದರೆ ದಯವಿಟ್ಟು ಎಲೆಕ್ಟ್ರಾನಿಕ್ಸ್ ಅಂಗಡಿಗೆ ಮಾತ್ರ ಕಳಿಸಬೇಡಿ! ಕಳಿಸಿದರೂ ಜೊತೆಗೆ ನನ್ನನ್ನು ಕಳಿಸಬೇಡಿ!

ಅವರೊಡನೆ ನಾನು ಹೋದ ದಿನ ನಗುವ ಸ್ಥಿತಿಯಲ್ಲಿ ನಾವಿರಲಿಲ್ಲ, ನಿಜ. ಮರುದಿನ ಬೆಳಿಗ್ಗೆ ಅತ್ತೆಯನ್ನು ಗಂಟಲಿನ ಆಪರೇಷನ್ನಿಗೆ ಮೈಸೂರಿಗೆ ಕರೆದೊಯ್ಯಬೇಕು. ಆಮೇಲೆ ದನಿ ಉಳಿಯುತ್ತದೋ ಇಲ್ಲವೋ ಹೇಳಲಾಗದು ಎಂದಿದ್ದರು ಡಾಕ್ಟರು. ಚಿಕ್ಕರಸಿನಕೆರೆಯ ಸುತ್ತಮುತ್ತ ಯಾರ ಮನೆ ಮದುವೆಯಾದರೂ ಸೋಬಾನೆ ಹೇಳುವ ದನಿ ಅದು. ಅದನ್ನು ಹಿಡಿದಿಡಲು, ಹಾಡೂ ಕೇಳಿಸುವ, ರೆಕಾರ್ಡೂ ಆಗುವ ಅಂಗೈಯಗಲದ ಪ್ಲೇಯರೊಂದು ಸಂಜೆಯೊಳಗೆ ಬೇಕು, ಅದೂ ಅಗ್ಗಕ್ಕೆ ಎಂದು ಮಾವನ ಹಟ. ಫೋನು ಸಾಲದೇ ಎಂದೆ.

"ಓದ್ಸಲ ಫೋನು ನಾಲೆಗೆ ಬಿದ್ದು ಮೊಮ್ಮಗಿನ ಫೋಟೋ ಎಲ್ಲಾ ಓಯ್ತಲ್ಲವ್ವ! ಇದು ಮನೇಲೇ ಇರ್ಬೇಕು."

ಮಂಡ್ಯದ ಅಂಗಡಿಯಲ್ಲಿ ಪ್ಲೇಯರನ್ನು ಹಿಂದೆ ಮುಂದೆ ತಿರುಗಿಸಿ, ಎತ್ತಿನ ಹಲ್ಲು ನೋಡುವವರಂತೆ ಗುಂಡಿಗಳನ್ನೆಲ್ಲ ಸವರಿದರು. ರೇಟು ಕೇಳಿದ್ದೇ ತಡ, ಹೆಗಲ ಮೇಲಿನ ಟವೆಲ್ಲನ್ನು ಅಂಗಡಿಯವನ ಕೈಮೇಲೆ ಹಾಕಿ, ಅದರಡಿ ಅವನ ಬೆರಳು ಹಿಡಿದೇಬಿಟ್ಟರು. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ, ಟವೆಲ್ಲಿನಡಿ ಬೆರಳು ಹಿಡಿದೇ ತಿಳಿಸುವುದು. ಅಂಗಡಿಯವನಿಗೇನು ಗೊತ್ತು, ಪಾಪ?

"ಸಾರ್, ಕೈ ಬುಡಿ ಸಾರ್! ಎಲ್ಲಾರೂ ನೋಡ್ತಾವ್ರೆ!"

"ಸುಮ್ಕಿರ್ಲಾ, ಯಾಪಾರ ಮಾಡ್ತಾ ಇವ್ನಿ."

ಅಲ್ಲಿ ವ್ಯಾಪಾರ ಮುರಿಯಿತು. ಮದ್ದೂರಿನ ಅಂಗಡಿಯಲ್ಲಿ ಮೈಕಿನ ಪರೀಕ್ಷೆ. ಗದ್ದೆಯಲ್ಲಿ ಎತ್ತು ಗದರಿಸುವ ದನಿಯಲ್ಲಿ "ಓಯ್!" ಎಂದ ರಭಸಕ್ಕೆ ಇಯರ್‌ಫೋನ್ ನೋಡುತ್ತಿದ್ದ ಗಿರಾಕಿಗಳು ಬೀದಿಗಿಳಿದರು. ರೆಕಾರ್ಡಾದದ್ದನ್ನು ಕೇಳಿ ಮಾವ ಮುಖ ಸಿಂಡರಿಸಿದರು. "ಇದ್ರಲ್ಲಿ ನಂಗೆ ನೆಗಡಿ ಆದಂಗದೆ. ಬ್ಯಾಡ." ಆಗಲೇ ಹೊತ್ತು ಇಳಿದಿತ್ತು. ಬಸ್ಸಿನುದ್ದಕ್ಕೂ ನಾನು ಗಡಿಯಾರ ನೋಡುತ್ತಲೇ ಇದ್ದೆ.

ಮಳವಳ್ಳಿಯ ಅಂಗಡಿಯ ಷಟರು ಅರ್ಧ ಇಳಿದಿತ್ತು. ಮಾವ ಬಗ್ಗಿ ಒಳನುಗ್ಗಿದರು. ಪ್ಲೇಯರು ಮೆಚ್ಚಿಗೆಯಾಯಿತು. ಟವೆಲ್ಲು ಹೆಗಲಿಂದ ಇಳಿಯಿತು. ನಾನು ಕಣ್ಣು ಮುಚ್ಚಿಕೊಂಡೆ! ತೆರೆದು ನೋಡಿದರೆ, ಆ ಹಿರಿಯ ಅಂಗಡಿಯಾತ ತಾನಾಗಿಯೇ ಟವೆಲ್ಲಿನಡಿ ಕೈ ತೂರಿಸಿದ್ದಾನೆ! ಇಬ್ಬರೂ ಮುಖ ಮುಖ ನೋಡಿಕೊಂಡರು, ಹುಬ್ಬು ಹಾರಿಸಿದರು. "ತಗಳಿ" ಎಂದ ಆತ. ಎಷ್ಟಕ್ಕೆ ಕುದುರಿತೆಂದು ನನಗೆ ಇಂದಿಗೂ ತಿಳಿಯದು.

ಮನೆಗೆ ಬಂದಾಗ ಅತ್ತೆ ಆಸ್ಪತ್ರೆಯ ಚೀಲಕ್ಕೆ ಸೀರೆ ತುಂಬುತ್ತಿದ್ದರು. ಸೋಬಾನೆ ಪದ ಹೇಳು ಎಂದು ಮಾವ ಪ್ಲೇಯರು ಚಾಚಿದರೆ ಮುಖ ತಿರುಗಿಸಿದರು.

"ಪದ ಬಾಯಿಗೇ ಬರಾಕಿಲ್ಲ ಕನೇಳಿ. ಬಯ ಆಯ್ತದೆ."

"ಪದ ಬ್ಯಾಡ ಬುಡಮ್ಮಿ. ದಿನಾ ಬೈತೀಯಲ್ಲ, ಅಂಗೇ ಒಂದ್ಸಲ ಬೈದ್ಬುಡು. ನಂಗದೇ ಸಾಕು."

ಮಾವ ಗುಂಡಿ ಒತ್ತಿದರು. ಕೆಂಪು ದೀಪ ಹೊತ್ತಿತು. ಅತ್ತೆ ಬಾಯಿ ತೆರೆದರು, ಬೈಗುಳ ಹೊರಡಲಿಲ್ಲ. ಸೆರಗಿನಿಂದ ಮಾವನ ಹಣೆಯ ಬೆವರು ಒರೆಸಿದರು.

"ಬೆಳಿಗ್ಗಿಂದ ಅಲೀತಾ ಇದ್ದೀರಿ... ಒಟ್ಟೆಗೇನಾದ್ರೂ ತಿಂದ್ರಾ?"

ತಮ್ಮ ದನಿ ರೆಕಾರ್ಡಿನಲ್ಲಿ ಸೇರಿಬಿಟ್ಟೀತೆಂದು, ಮಾವ ಬಾಯಿ ಬಿಗಿಹಿಡಿದು ತಲೆಯಷ್ಟೇ ಆಡಿಸಿದರು.