ಮೂವತ್ತೆರಡು ಕ್ಲಿಕ್ಕುಗಳ ಸಂಸಾರ

ಅಂಗಡಿಯವರ ತಕ್ಕಡಿಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವುದು ನಮ್ಮ ಪರೀಕ್ಷಕರ ಕೆಲಸ. ತಟ್ಟೆ ಖಾಲಿ ಇರುವಾಗ ಮುಳ್ಳು ಸೊನ್ನೆಯ ಮೇಲೆ ನಿಂತಿದೆಯೇ ಎಂದು ಮೊದಲು ನೋಡಬೇಕು, ಉಳಿದದ್ದೆಲ್ಲ ಆಮೇಲೆ. ಕೂದಲೆಳೆಯಷ್ಟು ಆಚೀಚೆ ಇದ್ದರೂ ತಕ್ಕಡಿ ವಾಪಸ್. ಈ ವಿಷಯದಲ್ಲಿ ಅವರಿಂದ ಬೈಸಿಕೊಳ್ಳದ ವ್ಯಾಪಾರಿ ಊರಿನಲ್ಲಿಲ್ಲ. (ಮನೆಯಲ್ಲಿ ಮುಳ್ಳು ಸದಾ ಹೆಂಡತಿಯ ಕಡೆಗೇ ವಾಲುತ್ತಿತ್ತು. ಆ ತಕ್ಕಡಿಯನ್ನು ವಾಪಸ್ ಕಳಿಸುವ ಧೈರ್ಯ ಮಾತ್ರ ಅವರಿಗಿರಲಿಲ್ಲ.)

ಇಂಥವರಿಗೆ ನಲವತ್ತೆಂಟನೇ ವಯಸ್ಸಿನಲ್ಲಿ ರೇಸಿನ ಹುಚ್ಚು ಹಿಡಿಯಿತು. ಊರಾಚೆಯ ಟ್ರ್ಯಾಕಿನಲ್ಲಿ ತಿಂಗಳಿಗೆರಡು ಭಾನುವಾರ ಯಾರು ಬೇಕಾದರೂ ತಮ್ಮ ಕಾರು ತಂದು ಓಡಿಸಬಹುದಿತ್ತು. ವಾರವಿಡೀ ಕಚೇರಿ, ಅಂಗಡಿ, ಆಸ್ಪತ್ರೆ ಸುತ್ತುವ ಅದೇ ಕಾರಿನಲ್ಲಿ ಪರೀಕ್ಷಕರು ಹೆಲ್ಮೆಟ್ ಹಾಕಿಕೊಂಡು ಸುತ್ತು ಹೊಡೆಯುತ್ತಿದ್ದರು. ಕಚೇರಿಯ ಬಡ್ತಿಯಲ್ಲಿ ಕಿರಿಯರೆಲ್ಲ ಅವರನ್ನು ದಾಟಿ ಹೋಗಿದ್ದರು. ಅವರು ಇನ್ನೊಬ್ಬರನ್ನು ದಾಟಬಹುದಾದ ಜಾಗ ಭೂಮಿಯ ಮೇಲೆ ಅದೊಂದೇ ಉಳಿದಿತ್ತು. ಅಲ್ಲೂ ಹಲ್ಲಿನ ಡಾಕ್ಟರೊಬ್ಬರು ಕೆಂಪು ಕಾರಿನಲ್ಲಿ ಬಂದು, ಮೂರನೇ ತಿರುವಿನಲ್ಲಿ ಅವರನ್ನು ದಾಟಿ, ಕೈ ಬೀಸಿ ಹೋಗುತ್ತಿದ್ದರು.

ತಪ್ಪು ತಮ್ಮದಲ್ಲ, ಕಾರಿನ ಸಸ್ಪೆನ್ಷನ್ನಿನದು, ಅಂದರೆ ಚಕ್ರಗಳ ಮೇಲಿನ ಸ್ಪ್ರಿಂಗುಗಳದ್ದು ಎಂದು ಪರೀಕ್ಷಕರು ತೀರ್ಮಾನಿಸಿದರು. ಬೇಕೆಂದಾಗ ಗಟ್ಟಿ, ಬೇಕೆಂದಾಗ ಮೆತ್ತಗೆ ಮಾಡಿಕೊಳ್ಳುವಂಥದ್ದು ಸಿಗುತ್ತದಂತೆ. ಆಯ್ಕೆಗೆ ಮೂರು ತಿಂಗಳು ಹಿಡಿಯಿತು. ಹನ್ನೊಂದು ಮಾದರಿಗಳಿಗೆ ಗೆರೆ ಎಳೆದು ಅಂಕ ಕೊಟ್ಟರು. ಎತ್ತರ ಮಾತ್ರ ಬದಲಾಗುವವು ಮೊದಲ ಸುತ್ತಿನಲ್ಲೇ ಫೇಲಾದವು. ಕುಸಿಯುವುದಕ್ಕೊಂದು, ಮೇಲೇಳುವುದಕ್ಕೊಂದು ಎಂದು ಎರಡೆರಡು ತಿರುಪು ನಾಬ್ ಇದ್ದವು ಎರಡನೇ ಸುತ್ತಿನಲ್ಲಿ ಬಿದ್ದವು. ಕೊನೆಗೆ ಚಕ್ರಕ್ಕೊಂದೇ ನಾಬ್, ನಾಬಿಗೆ ತಿರುಗಿಸಿದರೆ ಟಿಕ್ಕೆನ್ನುವ ಮೂವತ್ತೆರಡು ಹಂತ, ಅಂದರೆ ಕ್ಲಿಕ್, ಇದ್ದ ಮಾದರಿ ಗೆದ್ದಿತು.

"ನನ್ನನ್ನ ಮದುವೆ ಆಗೋಕೆ ನೀವು ಒಂದು ಮಧ್ಯಾಹ್ನ ಯೋಚನೆ ಮಾಡಿದ್ರಿ" ಎಂದಳು ಹೆಂಡತಿ. "ಸ್ಪ್ರಿಂಗಿಗೆ ಮೂರು ತಿಂಗಳಾ?"

"ಮನುಷ್ಯ ಅನುಭವದಿಂದ ಕಲೀತಾನೆ ಕಣೇ" ಎಂದು ಬಾಯಿ ತಪ್ಪಿ ಅಂದ ಪರೀಕ್ಷಕರಿಗೆ ಆ ವಾರವೆಲ್ಲ ಕಾಫಿ ತಣ್ಣಗೇ ಸಿಕ್ಕಿತು. ಜೊತೆಗೆ ಒಂದು ಷರತ್ತೂ ಬಂತು.

"ನೋಡಿ, ಅಮ್ಮನ ಬೆನ್ನು ನಿಮ್ಮ ಪ್ರಯೋಗಶಾಲೆ ಅಲ್ಲ. ವಾರಕ್ಕೆ ಎರಡು ಸಲ ಅವಳು ಇದೇ ಕಾರಲ್ಲಿ ಆಸ್ಪತ್ರೆಗೆ ಹೋಗ್ಬೇಕು. ಒಂದು ತಿಂಗಳು ನೋಡ್ತೀನಿ. ಅವಳು ಆಗಲ್ಲ ಅಂದ್ರೆ ಹಳೇ ಸಸ್ಪೆನ್ಷನ್ ಕಾರಿಗೆ, ಹೆಲ್ಮೆಟ್ ಅಟ್ಟಕ್ಕೆ."

ಪರೀಕ್ಷಕರು ಒಪ್ಪಿದರು. ವಿಜ್ಞಾನ ತಮ್ಮ ಕಡೆಗಿದೆ ಎಂದು ಅವರಿಗೆ ಭರವಸೆಯಿತ್ತು.

ಗ್ಯಾರೇಜಿನಿಂದ ಕಾರು ಬಂತು. ಎರಡು ನಾಬ್ ಬಾನೆಟ್ಟಿನೊಳಗೆ, ಎರಡು ಡಿಕ್ಕಿಯ ಕಾರ್ಪೆಟ್ಟಿನ ಕೆಳಗೆ. ಜೊತೆಗೆ ಬಂದ ಕಾಗದದಲ್ಲಿ ದಪ್ಪ ಅಕ್ಷರದ ಎರಡು ಸಾಲು: ರಸ್ತೆಗೆ ಇಪ್ಪತ್ತನಾಲ್ಕು ಕ್ಲಿಕ್, ಟ್ರ್ಯಾಕಿಗೆ ಆರು. ಪರೀಕ್ಷಕರು ಅದನ್ನು ಫ್ರಿಜ್ಜಿನ ಬಾಗಿಲಿಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿದರು. ಆಮೇಲೆ ನಾಬನ್ನು ಪೂರ್ತಿ ಮೆತ್ತಗಿನ ತುದಿಗೆ ತಿರುಗಿಸಿ, ಅದನ್ನೇ ಸೊನ್ನೆ ಎಂದುಕೊಂಡು, ಗಟ್ಟಿಯ ಕಡೆಗೆ ಇಪ್ಪತ್ತನಾಲ್ಕು ಎಣಿಸಿದರು.

ಅಂದರೆ ರಸ್ತೆಗೆ ಗಟ್ಟಿ, ಟ್ರ್ಯಾಕಿಗೆ ಮೆತ್ತಗೆ. ಲೋಕವೆಲ್ಲ ಇದನ್ನು ಉಲ್ಟಾ ಮಾಡುತ್ತದೆ ಎಂಬುದು ಅವರಿಗೂ ಗೊತ್ತಿತ್ತು. ಒಂದು ಗಳಿಗೆ ಕಸಿವಿಸಿಯಾಯಿತು. ಆದರೆ ಅಚ್ಚಾದ ಅಂಕಿಯನ್ನು ಅನುಮಾನಿಸುವುದು ಅವರ ಜಾಯಮಾನವಲ್ಲ. ಓದಿದ ಮನುಷ್ಯನ ಕೈಗೆ ಯಾವ ಅಂಕಿ ಕೊಟ್ಟರೂ ಅದಕ್ಕೊಂದು ಕಾರಣ ಹುಟ್ಟಿಸುತ್ತಾನೆ. ಇವರೂ ಹುಟ್ಟಿಸಿದರು: ರಸ್ತೆಯಲ್ಲಿ ಹಳ್ಳಗಳಿವೆ, ಅಲ್ಲಿ ಕಾರು ಕುಸಿಯಕೂಡದು, ಟ್ರ್ಯಾಕು ನುಣುಪು, ಅಲ್ಲಿ ಗಟ್ಟಿತನ ದಂಡ. ಇಷ್ಟು ಸರಳವಾದದ್ದು ಜನರಿಗೆ ಇದುವರೆಗೆ ಹೊಳೆಯಲಿಲ್ಲವಲ್ಲ ಎಂದು ಅವರಿಗೆ ಜನರ ಮೇಲೆ ಕರುಣೆ ಬಂತು.

ಅತ್ತೆ ನಲವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದವರು. ಮಾತು ಕಡಿಮೆ, ಆಡಿದರೆ ಕತ್ತರಿ. ಮೊದಲ ರಸ್ತೆಯುಬ್ಬಿಗೇ ಅವರ ಕನ್ನಡಕ ಮೂಗಿನಿಂದ ಮಡಿಲಿಗೆ ಹಾರಿತು.

"ಅಳಿಯಂದಿರೇ, ಒಳಗೆ ಸ್ಪ್ರಿಂಗ್ ಹಾಕಿದಾರಾ, ಒನಕೆ ಇಟ್ಟಿದಾರಾ?"

"ಗಟ್ಟಿ ಇದ್ರೇನೇ ಅತ್ತೆ, ಹಳ್ಳದಲ್ಲಿ ಕುಸಿಯಲ್ಲ. ನಿಮ್ಮ ಬೆನ್ನಿಗೆ ಒಳ್ಳೇದು."

"ನನ್ನ ಬೆನ್ನಿಗೆ ಈ ವಿಷಯ ಯಾರೂ ಹೇಳಿಲ್ಲ ಅನ್ಸತ್ತೆ." ಕನ್ನಡಕ ಮತ್ತೆ ಏರಿಸಿಕೊಂಡು ಕೇಳಿದರು: "ಆ ಫ್ರಿಜ್ ಮೇಲಿನ ಕಾಗದದ ಹಿಂದೆ ಏನಿದೆ?"

"ಹಿಂದೆ ಫ್ರಿಜ್ಜಿದೆ ಅತ್ತೆ."

ದೂರನ್ನು ಅಳತೆಯಿಂದಲೇ ಎದುರಿಸಬೇಕು ಎಂದು ಪರೀಕ್ಷಕರು ಮರುದಿನ ಸ್ಟಿಯರಿಂಗಿನ ಮುಂದೆ ಒಂದು ಲೋಟ ನೀರಿಟ್ಟುಕೊಂಡು ಹೊರಟರು. ಅರ್ಧ ನೀರು ಅವರ ಪ್ಯಾಂಟಿನ ಮೇಲೆ ಚೆಲ್ಲಿತು. 'ಲೋಟ ಅಗತ್ಯಕ್ಕಿಂತ ತುಂಬಿತ್ತು' ಎಂದು ಪುಸ್ತಕದಲ್ಲಿ ಬರೆದರು. ಇನ್ನೊಂದು ದಿನ ಲೋಟದ ತಳದಲ್ಲಿ ಒಂದಿಷ್ಟು ನೀರಿಟ್ಟುಕೊಂಡು ಹೋದರು, ಹನಿಯೂ ಚೆಲ್ಲಲಿಲ್ಲ. 'ಗಮನಾರ್ಹ ಸುಧಾರಣೆ' ಎಂದು ಬರೆದರು.

ಟ್ರ್ಯಾಕಿನಲ್ಲಿ ಕಾರು ತಿರುವು ತಿರುವಿಗೂ ದೋಣಿಯಂತೆ ವಾಲಿತು. ಡಾಕ್ಟರು ಮೂರನೇ ತಿರುವಿನವರೆಗೆ ಕಾಯದೆ ಎರಡನೆಯದರಲ್ಲೇ ದಾಟಿ ಕೈ ಬೀಸಿದರು. 'ಎದುರುಗಾಳಿಯಿತ್ತು' ಎಂದು ಪುಸ್ತಕ ಹೇಳಿತು. (ಸುತ್ತಿ ಬಂದು ಸೇರುವ ಟ್ರ್ಯಾಕು. ಗಾಳಿ ಪಾಪ, ಇವರ ಜೊತೆಗೇ ತಿರುಗಿರಬೇಕು.)

ತಿಂಗಳು ಮುಗಿಯುವ ದಿನವೇ ಟ್ರ್ಯಾಕಿನ ಭಾನುವಾರ ಬಂತು. ಹೆಂಡತಿ ಮುಂದೆ ಕೂತಳು, ಅತ್ತೆ ತಲೆದಿಂಬು ಹಿಡಿದು ಹಿಂದಿನ ಸೀಟಿನಲ್ಲಿ ಕೂತರು. "ನಿಮ್ಮ ಆಟ ನಾನೂ ನೋಡ್ತೀನಿ. ನನ್ನ ತೀರ್ಪು ಅಲ್ಲೇ ಹೇಳ್ತೀನಿ" ಎಂದರು. ಆ ಬೆಳಿಗ್ಗೆ ಫ್ರಿಜ್ಜಿನ ಮೇಲೆ ಕಾಗದ ಇರಲಿಲ್ಲ. ಅಂಕಿ ಬಾಯಿಪಾಠವಾಗಿದ್ದ ಪರೀಕ್ಷಕರು ಅದನ್ನು ಗಮನಿಸಲಿಲ್ಲ.

ಟ್ರ್ಯಾಕು ತಲುಪಿದ ಮೇಲೆ ತಮ್ಮ ಸೊನ್ನೆಯಿಂದ ಆರು ಕ್ಲಿಕ್ ಎಣಿಸಿಟ್ಟು, ಚಾಲಕರ ಮೀಟಿಂಗಿಗೆ ಹೋದರು. ಹೆಲ್ಮೆಟ್ಟಿನೊಳಗೆ ಅವರ ಮುಖ ಸಪ್ಪಗಿತ್ತು. ಬಹುಶಃ ಇದೇ ಕೊನೆಯ ಓಟ.

ಅವತ್ತು ಏನಾಯಿತೋ, ಕಾರು ನೆಲಕ್ಕೆ ಅಂಟಿಕೊಂಡು ಹೋಯಿತು. ವಾಲಲಿಲ್ಲ, ತೂಗಲಿಲ್ಲ. ಮೂರನೇ ತಿರುವಿನಲ್ಲಿ ಕೆಂಪು ಕಾರು ಹತ್ತಿರ ಬಂತು, ಪಕ್ಕಕ್ಕೆ ಬಂತು, ಹಿಂದೆ ಬಿತ್ತು. ಪರೀಕ್ಷಕರು ಕೈ ಬೀಸಿದರು. ಇಷ್ಟು ದಿನದ್ದನ್ನೆಲ್ಲ ಸೇರಿಸಿ, ಎರಡೂ ಕೈ ಬೀಸಬೇಕೆನ್ನಿಸಿತ್ತು, ಸ್ಟಿಯರಿಂಗ್ ಬಿಡಲಿಲ್ಲ.

"ಏನ್ ಸಾರ್ ಗುಟ್ಟು?" ಕೆಳಗಿಳಿದ ಡಾಕ್ಟರು ನಿಜವಾಗಿಯೂ ಕೇಳಿದರು.

"ಮೆತ್ತಗಿಡ್ಬೇಕು ಡಾಕ್ಟ್ರೇ. ಜನ ಗಟ್ಟಿ ಗಟ್ಟಿ ಅಂತ ಒದ್ದಾಡ್ತಾರೆ. ನಾನು ಮೂಲತತ್ತ್ವದಿಂದ ಹೊರಟೆ. ಟ್ರ್ಯಾಕು ನುಣುಪು ಅಲ್ವಾ..."

"ಡಾಕ್ಟ್ರೇ, ಹಂಗೆಲ್ಲಾದ್ರೂ ಮಾಡೀರಿ" ಎಂದು ಹಿಂದೆ ಕುರ್ಚಿಯಲ್ಲಿ ಕೂತಿದ್ದ ಅತ್ತೆ ಬ್ಯಾಗಿನಿಂದ ಕಾಗದ ತೆಗೆದರು. ಟೇಪನ್ನು ಹೊಲಿಗೆ ಬಿಚ್ಚುವಷ್ಟು ನಾಜೂಕಾಗಿ ಬಿಡಿಸಿದ್ದರು. ಹಿಂಬದಿಯಲ್ಲಿ ಸಣ್ಣಕ್ಷರದ ಒಂದು ಸಾಲು: ನಾಬನ್ನು ಪೂರ್ತಿ ಗಟ್ಟಿಯಾಗುವವರೆಗೆ ತಿರುಗಿಸಿ, ಅದೇ ಸೊನ್ನೆ, ಅಲ್ಲಿಂದ ಸಡಿಲಿಸುತ್ತ ಎಣಿಸಿ.

"ಹೊಲಿಗೆ ಮಿಷನ್ನಿನ ತಿರುಪೂ ಹಿಂಗೇ. ಪೂರ್ತಿ ಬಿಗಿ ಮಾಡಿ, ಬಿಡ್ತಾ ಬಿಡ್ತಾ ಎಣಿಸೋದು. ನೀವು ಮೀಟಿಂಗಿಗೆ ಹೋದಾಗ ನಾನೂ ನನ್ನ ಮಗಳೂ ನಾಲ್ಕೂ ಸರಿ ಮಾಡಿದ್ವಿ. ಒಂದು ತಿಂಗಳು ಟ್ರ್ಯಾಕಿಗೆ ಇಡಬೇಕಾದ ಗಟ್ಟಿ ಮೇಲೆ ನನ್ನನ್ನ ಕೂರಿಸಿದ್ರಲ್ಲ, ಅಳಿಯಂದಿರೇ."

ಡಾಕ್ಟರು ಗಂಭೀರವಾಗಿ ಕೇಳಿದರು: "ಸಾರ್, ತಾವು ಯಾವ ಕೆಲಸದಲ್ಲಿರೋದು?"

ಪರೀಕ್ಷಕರು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಹೇಳಿದಳು: "ಬೇರೆಯವರ ಸೊನ್ನೆ ಸರಿಯಾಗಿದೆಯಾ ಅಂತ ನೋಡೋದು."

ವಾಪಸ್ ಬರುವಾಗ ಗಟ್ಟಿ ತುದಿಯಿಂದ ಇಪ್ಪತ್ತನಾಲ್ಕು ಕ್ಲಿಕ್. ಅತ್ತೆ ಏಳು ರಸ್ತೆಯುಬ್ಬುಗಳನ್ನು ಗೊರಕೆಯಲ್ಲೇ ದಾಟಿದರು. ಮನೆ ಬಂದಾಗ ಎದ್ದು ತೀರ್ಪು ಕೊಟ್ಟರು: "ಕಾರಲ್ಲಿ ಏನೂ ದೋಷ ಇಲ್ಲ."

ಹೆಲ್ಮೆಟ್ ಅಟ್ಟ ಸೇರಲಿಲ್ಲ. ಆದರೆ ನಾಲ್ಕೂ ನಾಬುಗಳನ್ನು ಅತ್ತೆ ಕಿತ್ತು ತಮ್ಮ ಗುಂಡಿ ಡಬ್ಬಿಯಲ್ಲಿ, ಕೋಟಿನ ಗುಂಡಿಗಳ ಜೊತೆ ಹಾಕಿಟ್ಟಿದ್ದಾರೆ. ಟ್ರ್ಯಾಕಿನ ದಿನ ಪರೀಕ್ಷಕರು ಆ ಡಬ್ಬಿಯ ಮುಂದೆ ನಿಲ್ಲಬೇಕು.

"ಎಷ್ಟು?"

"ಆರು, ಅತ್ತೆ."

"ಎಲ್ಲಿಂದ?"

"ಗಟ್ಟಿ ತುದಿಯಿಂದ, ಅತ್ತೆ."

ಆಮೇಲೆ ಮುಚ್ಚಳ ತೆರೆಯುತ್ತದೆ. ಅತ್ತೆಯೂ ದಿಂಬಿಲ್ಲದೆ ಜೊತೆಗೆ ಹೊರಡುತ್ತಾರೆ, ಏಕೆಂದರೆ ಅಲ್ಲಿ ಡಾಕ್ಟರು ತಮ್ಮ ಕಾರಿನ ಬಾನೆಟ್ ತೆರೆದಿಟ್ಟುಕೊಂಡು, ಕ್ಲಿಕ್ ಎಣಿಸಿಕೊಡಲು ಅವರಿಗಾಗಿ ಕಾಯುತ್ತಿರುತ್ತಾರೆ. ಓಟ ಶುರುವಾದ ಮೇಲೆ ಮೂರನೇ ತಿರುವಿನಲ್ಲಿ ಕೆಂಪು ಕಾರು ಮೊದಲಿನಂತೆಯೇ ಪರೀಕ್ಷಕರನ್ನು ದಾಟುತ್ತದೆ, ಕಿಟಕಿಯಿಂದ ಮೊದಲಿನಂತೆಯೇ ಒಂದು ಕೈ ಹೊರಗೆ ಬರುತ್ತದೆ. ಈಗೀಗ ಅದು ಬೀಸುವುದು ಬೇಲಿಯ ಪಕ್ಕ ಕುರ್ಚಿ ಹಾಕಿ ಕೂತಿರುವ ಅತ್ತೆಗೆ.